ಸುಟ್ಟ ಕ್ಲಚ್ ಬದಲಾಯಿಸೋಕೆ ಮುಂಚೆ: ಹಾಟ್ ರಾಡ್ ಗೇರ್‌ಬಾಕ್ಸ್ ಪ್ರಶ್ನೋತ್ತರ

ಪ್ರಶ್ನೆ: ಸರ್, ಮನೆ ಶೆಡ್‌ನಲ್ಲೇ ಒಂದು ಹಾಟ್ ರಾಡ್, ಅಂದ್ರೆ ಹಳೇ ಕಾರಿನ ಬಾಡಿಗೆ ಜೋರಾದ ಎಂಜಿನ್ ಹಾಕಿದ ಗಾಡಿ, ಕಟ್ತಾ ಇದ್ದೀನಿ. 1930ರ ದಶಕದ ಬಾಡಿ, ಷೆವ್ರೊಲೆ 350 ವಿ8 ಎಂಜಿನ್, ಅದರ ಹಿಂದೆ ಹಳೇ ಟರ್ಬೋ 350 ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಫಸ್ಟು, ಸೆಕೆಂಡು ಚೆನ್ನಾಗೇ ಎಳೆಯತ್ತೆ, ಥರ್ಡಿಗೆ ಬಿದ್ದ ತಕ್ಷಣ ಎಂಜಿನ್ ರೇಸ್ ಆಗತ್ತೆ ಗಾಡಿ ಮುಂದಕ್ಕೆ ಹೋಗಲ್ಲ. ರಿವರ್ಸ್ ತಣ್ಣಗಿದ್ದಾಗ ಹಿಡಿಯತ್ತೆ, ಬಿಸಿ ಆದ್ಮೇಲೆ ಹಿಡಿಯಲ್ಲ. ಆಯಿಲ್ ಕಂದು ಬಣ್ಣಕ್ಕೆ ತಿರುಗಿದೆ, ಸುಟ್ಟ ವಾಸನೆ. ಗೊತ್ತಿರೋರೆಲ್ಲ ಬೇರೆ ಗೇರ್‌ಬಾಕ್ಸ್ ಹಾಕು, ಆಟೋಮ್ಯಾಟಿಕ್ ಮನೇಲಿ ಬಿಚ್ಚೋ ವಸ್ತು ಅಲ್ಲ ಅಂತಾರೆ. ಬಿಚ್ಚಬಹುದಾ?

ಉತ್ತರ: ಖಂಡಿತ ಬಿಚ್ಚಬಹುದು. ಮನೇಲಿ ಕೂತು ಆಟೋಮ್ಯಾಟಿಕ್ ರಿಪೇರಿ ಕಲಿಯೋಕೆ ಟರ್ಬೋ 350ಗಿಂತ ಒಳ್ಳೆ ಗೇರ್‌ಬಾಕ್ಸ್ ಸಿಗೋದು ಕಷ್ಟ, 1969ರ ಮಾಡೆಲ್‌ನಿಂದ 1980ರ ದಶಕದವರೆಗೂ ಲೆಕ್ಕ ಇಲ್ಲದಷ್ಟು ಗಾಡಿಗಳಿಗೆ ಹಾಕಿದಾರೆ, ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಬರೀ ಆಯಿಲ್ ಪ್ರೆಷರ್, ಸ್ಪ್ರಿಂಗು, ವಾಲ್ವು. ಆದ್ರೆ ಸ್ಪ್ಯಾನರ್ ಕೈಗೆ ತಗೊಳ್ಳೋ ಮುಂಚೆ ನೀವು ಬರೆದಿರೋ ಲಕ್ಷಣಗಳನ್ನೇ ಇನ್ನೊಂದ್ಸಲ ನೋಡಿ, ಒಳಗೆ ಏನು ಹೋಗಿದೆ ಅನ್ನೋದನ್ನ ಅವೇ ಹೇಳ್ತಾ ಇವೆ.

ಈ ಗೇರ್‌ಬಾಕ್ಸ್ ಒಳಗೆ ಆಯಿಲ್ ಒತ್ತಡಕ್ಕೆ ಹಿಡಿಯೋ ಹಲವು ಕ್ಲಚ್ ಇವೆ. ಫಾರ್ವರ್ಡ್ ಕ್ಲಚ್ ಮುಂದಕ್ಕೆ ಹೋಗೋ ಮೂರೂ ಗೇರ್‌ನಲ್ಲಿ ಕೆಲಸ ಮಾಡತ್ತೆ. ಸೆಕೆಂಡಿಗೆ ಅದರ ಜೊತೆ ಇಂಟರ್‌ಮೀಡಿಯೆಟ್ ಕ್ಲಚ್ ಸೇರತ್ತೆ, ಥರ್ಡಿಗೆ ಡೈರೆಕ್ಟ್ ಕ್ಲಚ್ ಸೇರತ್ತೆ. ರಿವರ್ಸಿಗೆ ಅದೇ ಡೈರೆಕ್ಟ್ ಕ್ಲಚ್ಚು, ಜೊತೆಗೆ ಲೋ-ರಿವರ್ಸ್ ಕ್ಲಚ್ಚು. ನಿಮಗೆ ಫಸ್ಟು ಸೆಕೆಂಡು ಸರಿ ಇದೆ, ಥರ್ಡು ರಿವರ್ಸು ಎರಡೂ ಜಾರ್ತಿದೆ, ಅಂದ್ರೆ ಆ ಎರಡಕ್ಕೂ ಬೇಕಾಗಿರೋ ಡೈರೆಕ್ಟ್ ಕ್ಲಚ್ಚೇ ಹೋಗಿದೆ ಅಂತ ಮುಕ್ಕಾಲು ಪಾಲು ಹೇಳ್ಬಹುದು. ಉಳಿದ ಕಾಲು ಪಾಲಿಗೆ ಒಂದು ಸುಲಭದ ಪರೀಕ್ಷೆ ಇದೆ. ಲಿವರ್‌ನ ಲೋಗೆ ಹಾಕಿ ನಿಧಾನಕ್ಕೆ ಓಡಿಸಿ ಆಕ್ಸಿಲರೇಟರ್ ಬಿಡಿ. ಎಂಜಿನ್ ಗಾಡಿನ ಹಿಡಿದು ನಿಲ್ಲಿಸೋ ಹಾಗೆ ಆದ್ರೆ ಲೋ-ರಿವರ್ಸ್ ಕ್ಲಚ್ ಸರಿ ಇದೆ ಅಂತ ಅರ್ಥ, ಯಾಕಂದ್ರೆ ಲೋನಲ್ಲಿ ಆ ಎಂಜಿನ್ ಬ್ರೇಕಿಂಗ್ ಕೊಡೋದು ಅದೇ. ಬಿಸಿ ಆದ್ಮೇಲೆ ಜಾಸ್ತಿ ಜಾರತ್ತೆ ಅಂದಿದ್ದೀರಲ್ಲ, ಅದೂ ಇದಕ್ಕೆ ಹೊಂದತ್ತೆ. ಆಯಿಲ್ ಬಿಸಿಗೆ ತೆಳ್ಳಗಾಗತ್ತೆ, ಗಟ್ಟಿಯಾಗಿರೋ ಸೀಲ್ ಸಂದಿಲಿ ಸೋರತ್ತೆ, ಪಿಸ್ಟನ್‌ಗೆ ಬೇಕಾದ ಒತ್ತಡ ಸಿಗಲ್ಲ.

ಇಲ್ಲಿಂದ ಬಹಳ ಜನ ನೇರವಾಗಿ ಕಿಟ್ ತಂದು ಕ್ಲಚ್ ಪ್ಲೇಟ್ ಬದಲಾಯಿಸಿ ಮುಚ್ಚಿಬಿಡ್ತಾರೆ, ಸ್ವಲ್ಪ ದಿನಕ್ಕೆ ಅದೇ ತೊಂದ್ರೆ ಮತ್ತೆ ಬರತ್ತೆ. ಕ್ಲಚ್ ಸುಮ್ನೆ ಸುಡಲ್ಲ. ಪ್ರೆಷರ್ ಕಮ್ಮಿಯಾಗಿ ಜಾರಿದ್ರೆ ಸುಡತ್ತೆ, ಇಲ್ಲಾ ಆಯಿಲ್ ಕಾದು ಸುಡತ್ತೆ. ಯಾಕೆ ಅಂತ ಗೊತ್ತಾಗೋ ತನಕ ಹೊಸ ಪ್ಲೇಟ್ ಹಾಕ್ಬೇಡಿ. ಅದೂ ಮನೇಲಿ ಕಟ್ಟಿದ ಗಾಡಿಲಿ ಒಂದು ಕಡೆಯ ಎಂಜಿನ್, ಇನ್ನೊಂದು ಕಡೆಯ ಗೇರ್ ಲಿವರ್, ಮತ್ತೊಂದು ಕಡೆಯ ರೇಡಿಯೇಟರ್ ಸೇರಿರತ್ತೆ, ಹಾಗಾಗಿ ಕಾರಣ ಎಷ್ಟೋ ಸಲ ಗೇರ್‌ಬಾಕ್ಸ್‌ನ ಹೊರಗೇ ಇರತ್ತೆ.

ಮೊದಲು ಲಿವರ್ ಲಿಂಕೇಜ್ ನೋಡಿ. ಬೇರೆ ಗಾಡಿ ಲಿವರ್ ಹಾಕಿದ್ರೆ ನಿಮ್ಮ ಕೈಗೆ ಡಿ ಅನ್ಸತ್ತೆ, ಒಳಗೆ ಲಿವರ್ ಜೊತೆ ಸರಿಯೋ ಮ್ಯಾನ್ಯುಯಲ್ ವಾಲ್ವ್ ಮಾತ್ರ ಡಿಗೂ ಪಕ್ಕದ ಸ್ಥಾನಕ್ಕೂ ಮಧ್ಯೆ ನಿಂತಿರತ್ತೆ, ಆಗ ಆಯಿಲ್ ದಾರಿ ಅರ್ಧ ಮುಚ್ಚಿ ಪ್ರೆಷರ್ ಬೀಳತ್ತೆ. ರಾಡ್ ಬಿಚ್ಚಿ, ಗೇರ್‌ಬಾಕ್ಸ್ ಪಕ್ಕದ ತೋಳನ್ನ ಕೈಯಲ್ಲೇ ಟಕ್ ಅನ್ನೋ ತನಕ ಒಂದೊಂದೇ ಸ್ಥಾನಕ್ಕೆ ತಳ್ಳಿ, ಮೇಲೆ ಲಿವರ್‌ನೂ ಅದೇ ಸ್ಥಾನದಲ್ಲಿಟ್ಟು ರಾಡ್ ಪಿನ್ ಎಳೆದಾಟ ಇಲ್ಲದೆ ತಾನಾಗೇ ತೂತಿಗೆ ಬೀಳಬೇಕು. ಪಾರ್ಕ್‌ನಿಂದ ಲೋವರೆಗೂ ಪ್ರತಿ ಸ್ಥಾನದಲ್ಲೂ ಬೀಳಬೇಕು, ಡಿ ಒಂದರಲ್ಲಿ ಸರಿ ಬಂತು ಅಂತ ಬಿಡಬೇಡಿ.

ಆಮೇಲೆ ಕೂಲರ್. ರಿಟರ್ನ್ ಪೈಪ್ ಬಿಚ್ಚಿ ಡಬ್ಬಕ್ಕೆ ಬಿಟ್ಟು ಐಡ್ಲ್‌ನಲ್ಲಿ ಓಡಿಸಿದ್ರೆ 20 ಸೆಕೆಂಡಿಗೆ ಹತ್ತತ್ರ ಒಂದು ಲೀಟರ್ ಬರಬೇಕು. ಹನಿ ಹನಿಯಾಗಿ ಬಂದ್ರೆ ಕೂಲರ್ ಕಟ್ಟಿದೆ, ಇಲ್ಲಾ ಪೈಪ್ ಎಲ್ಲೋ ಮಡಚಿದೆ. ಆಯಿಲ್ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಲ್ಲಿದ್ರೆ ಗೇರ್‌ಬಾಕ್ಸ್ ಆರಾಮಾಗಿರತ್ತೆ, ಅದರ ಮೇಲೆ ಪ್ರತಿ 11 ಡಿಗ್ರಿಗೆ ಆಯಿಲ್ ಆಯಸ್ಸು ಅರ್ಧ ಆಗತ್ತೆ ಅನ್ನೋದು ಈ ಕೆಲಸದಲ್ಲಿ ಎಲ್ಲರೂ ಇಟ್ಕೊಂಡಿರೋ ಅಂದಾಜು ಲೆಕ್ಕ. ಹಾಟ್ ರಾಡ್‌ನಲ್ಲಿ ಎಕ್ಸಾಸ್ಟ್ ಪೈಪ್ ಗೇರ್‌ಬಾಕ್ಸ್‌ಗೆ ತಾಗೋ ಹಾಗೇ ಹೋಗಿರತ್ತೆ, ಎಷ್ಟೋ ರೇಡಿಯೇಟರ್‌ನಲ್ಲಿ ಗೇರ್‌ಬಾಕ್ಸ್ ಕೂಲರೇ ಇರಲ್ಲ. ನಿಮ್ಮದರಲ್ಲಿ ಇಲ್ದಿದ್ರೆ ಗಾಳಿ ಬಡಿಯೋ ಜಾಗದಲ್ಲಿ ಬೇರೆ ಕೂಲರ್ ಹಾಕ್ಲೇಬೇಕು.

ಇಷ್ಟಾದ್ಮೇಲೆ ಪ್ಯಾನ್ ಬಿಚ್ಚಿ. 13 ಬೋಲ್ಟ್. ತಳದಲ್ಲಿ ಬೂದು ಬಣ್ಣದ ನುಣ್ಣನೆ ಕೆಸರು ಸ್ವಲ್ಪ ಇದ್ರೆ ಗಾಬರಿ ಬೇಡ. ಬೆರಳಿಗೆ ಕಪ್ಪು ಹರಳು ಸಿಕ್ರೆ ಅದು ಕ್ಲಚ್ ಲೈನಿಂಗ್, ಹಿತ್ತಾಳೆ ಬಣ್ಣದ ಚೂರು ಸಿಕ್ರೆ ಬುಷ್ ಅಥವಾ ಥ್ರಸ್ಟ್ ವಾಷರ್ ಸವೀತಿದೆ. ಫಿಲ್ಟರ್ ಗ್ಯಾಸ್ಕೆಟ್ ಸರಿ ಕೂತಿತ್ತಾ ಅಂತ್ಲೂ ನೋಡಿ. ಅಲ್ಲಿ ಸಂದಿ ಇದ್ರೆ ಪಂಪ್ ಆಯಿಲ್ ಜೊತೆ ಗಾಳೀನೂ ಎಳ್ಕೊಳತ್ತೆ, ಒಳಗಿರೋದೆಲ್ಲ ಒಳ್ಳೇದಿದ್ರೂ ಗೇರ್ ಜಾರತ್ತೆ.

ನಿಮ್ಮ ಆಯಿಲ್ ಸುಟ್ಟಿದೆ, ಹಾಗಾಗಿ ಗೇರ್‌ಬಾಕ್ಸ್ ಇಳಿಸ್ಲೇಬೇಕು. ಒಬ್ಬರೇ ಇಳಿಸ್ಬೇಡಿ, ಕನ್ವರ್ಟರ್ (ಎಂಜಿನ್ ಶಕ್ತಿನ ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸೋ ಭಾಗ) ಬಿಟ್ಟು ಬರೀ ಗೇರ್‌ಬಾಕ್ಸೇ 50 ಕೆಜಿ ದಾಟತ್ತೆ. ಗಾಡಿ ಜಾಕ್ ಸ್ಟ್ಯಾಂಡ್ ಮೇಲಿರ್ಲಿ, ಬರೀ ಜಾಕ್ ನಂಬಿ ಕೆಳಗೆ ಹೋಗ್ಬೇಡಿ. ವಾಲ್ವ್ ಬಾಡಿ (ವಾಲ್ವ್‌ಗಳೆಲ್ಲ ಕೂತಿರೋ ಭಾಗ) ತೆಗೆಯುವಾಗ 4 ಚೆಕ್ ಬಾಲ್ (ಆಯಿಲ್ ದಾರಿ ತೆರೆದು ಮುಚ್ಚೋ ಸಣ್ಣ ಗುಂಡು) ಎಲ್ಲೆಲ್ಲಿದ್ವು ಅಂತ ಫೋಟೋ ತೆಗೆದಿಡಿ, ಮುಟ್ಟೋ ಮುಂಚೆನೇ. ದಾರ ಬಿಡೋ ಬಟ್ಟೇಲಿ ಒಳಗಿನ ಯಾವುದನ್ನೂ ಒರೆಸ್ಬೇಡಿ, ಒಂದು ಎಳೆ ಸಾಕು ವಾಲ್ವ್ ಸಿಕ್ಕಾಕಿಕೊಳ್ಳೋಕೆ.

ಡೈರೆಕ್ಟ್ ಡ್ರಮ್, ಅಂದ್ರೆ ಡೈರೆಕ್ಟ್ ಕ್ಲಚ್ ಕೂತಿರೋ ಡ್ರಮ್, ಕೈಗೆ ಬಂದ್ಮೇಲೆ ನಿಧಾನ ಮಾಡಿ. ಸ್ಪ್ರಿಂಗ್‌ನ ಕಂಪ್ರೆಸರ್‌ನಲ್ಲಿ ಒತ್ತಿ ಹಿಡಿದು ಸ್ನ್ಯಾಪ್ ರಿಂಗ್ ತೆಗೀರಿ, ಸ್ಕ್ರೂಡ್ರೈವರ್‌ನಲ್ಲಿ ಕಿತ್ತರೆ ಕಣ್ಣಿಗೆ ಹಾರತ್ತೆ. ಪಿಸ್ಟನ್‌ನಿಂದ ಹಳೇ ಲಿಪ್ ಸೀಲ್ ಬಿಡಿಸಿ ಬೆರಳಲ್ಲಿ ಮಡಚಿ ನೋಡಿ. ಒಳ್ಳೇ ಸೀಲ್ ಮೆತ್ತಗೆ ಬಾಗಿ ವಾಪಸ್ ಬರತ್ತೆ, ಕಾದು ಹೋಗಿದ್ದು ಗಡುಸಾಗಿ ಪಟ್ ಅಂತ ಮುರಿಯತ್ತೆ. ಮುರಿದ್ರೆ ನಿಮ್ಮ ಕಾರಣಗಳಲ್ಲಿ ಒಂದು ಸಿಕ್ಕಿದ ಹಾಗೆ. ಡ್ರಮ್‌ನಲ್ಲಿರೋ ಸಣ್ಣ ಚೆಕ್ ಬಾಲ್ ಅಲ್ಲಾಡತ್ತಾ, ಡ್ರಮ್ ಬುಷ್ ಸವೆದು ಆಟ ಬಂದಿದ್ಯಾ, ಪಂಪ್ ಹಬ್ ಮೇಲಿನ ಸೀಲಿಂಗ್ ರಿಂಗ್ ಕೂರೋ ಜಾಗದಲ್ಲಿ ಉಗುರಿಗೆ ಸಿಗೋ ಗೆರೆ ಬಿದ್ದಿದ್ಯಾ, ಇವಿಷ್ಟು ನೋಡದೆ ಮುಂದೆ ಹೋಗ್ಬೇಡಿ, ಯಾಕಂದ್ರೆ ಡೈರೆಕ್ಟ್ ಕ್ಲಚ್‌ಗೆ ಹೋಗೋ ಆಯಿಲ್ ಸೋರೋದು ಈ ಜಾಗಗಳಲ್ಲೇ. ಸ್ಟೀಲ್ ಪ್ಲೇಟ್‌ನಲ್ಲಿ ನೀಲಿ ಅಥವಾ ಕಪ್ಪು ಕಲೆ ಬಿದ್ದಿದ್ರೆ ಉಜ್ಜಿ ಉಳಿಸೋಕೆ ಹೋಗ್ಬೇಡಿ, ಬದಲಾಯಿಸಿ.

ಹೊಸ ಲೈನಿಂಗ್ ಪ್ಲೇಟ್‌ಗಳನ್ನ ಹಾಕೋ ಮುಂಚೆ ಒಂದು ಗಂಟೆ ಆದ್ರೂ ಎಟಿಎಫ್‌ನಲ್ಲಿ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ನೆನೆಸಿ. ಸೀಲ್‌ನ ತುಟಿ ಆಯಿಲ್ ಒತ್ತಡ ಬರೋ ಕಡೆಗೇ ಮುಖ ಮಾಡಿರ್ಬೇಕು, ಪಿಸ್ಟನ್ ಒಳಗೆ ಇಳಿಸುವಾಗ ಆ ತುಟಿ ಮಡಚಿಕೊಳ್ಳದ ಹಾಗೆ ತೆಳ್ಳನೆ ಫೀಲರ್ ಗೇಜ್‌ನಲ್ಲಿ ಸುತ್ತಲೂ ಒಳಕ್ಕೆ ಸರಿಸ್ತಾ ಹೋಗಿ, ಬಲವಂತ ಬೇಡ. ಬಿಡಿ ಭಾಗಗಳು ಜಾಗದಲ್ಲಿ ನಿಲ್ಲೋಕೆ ಪೆಟ್ರೋಲಿಯಂ ಜೆಲ್ಲಿ ಸಾಕು, ಅದು ಬಿಸಿ ಆಯಿಲ್‌ನಲ್ಲಿ ಕರಗಿಹೋಗತ್ತೆ, ಚಾಸಿಗೆ ಹೊಡೆಯೋ ಗ್ರೀಸ್ ಕರಗಲ್ಲ, ಹೋಗಿ ಸಣ್ಣ ತೂತುಗಳನ್ನ ಮುಚ್ಚತ್ತೆ. ಪ್ಲೇಟ್ ಎಲ್ಲ ಕೂರಿಸಿದ್ಮೇಲೆ ಫೀಲರ್ ಗೇಜ್‌ನಲ್ಲಿ ಕ್ಲಿಯರೆನ್ಸ್ ಅಳೆದು ಮ್ಯಾನ್ಯುಯಲ್ ಜೊತೆ ಹೋಲಿಸಿ, ಆಮೇಲೆ ಡ್ರಮ್‌ನ ಪಂಪ್ ಹಬ್ ಮೇಲಿಟ್ಟು ಡೈರೆಕ್ಟ್ ಕ್ಲಚ್ ತೂತಿಗೆ 30ರಿಂದ 40 ಪಿಎಸ್‌ಐ ಗಾಳಿ ಕೊಡಿ. ದಪ್ಪ ದನಿಯಲ್ಲಿ ಧಪ್ ಅಂತ ಹಿಡೀಬೇಕು, ಗಾಳಿ ತೆಗೆದ್ರೆ ಬಿಡಬೇಕು. ಬರೀ ಬುಸ್ ಅಂದ್ರೆ ಸೀಲ್ ಮಡಚಿದೆ, ಆಗಲೇ ಬಿಚ್ಚಿಬಿಡಿ.

ಕನ್ವರ್ಟರ್ ವಿಷಯ ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಕಷ್ಟಪಟ್ಟು ಮಾಡಿದ ರಿಪೇರಿ ಮೊದಲ ಸ್ಟಾರ್ಟ್‌ನಲ್ಲೇ ಹಾಳಾಗೋದು ಇಲ್ಲೇ. ಸುಟ್ಟ ಗೇರ್‌ಬಾಕ್ಸ್‌ನ ಕನ್ವರ್ಟರ್ ಒಳಗೆ ಅದೇ ಲೈನಿಂಗ್ ಚೂರು ತುಂಬಿರತ್ತೆ, ಮನೇಲಿ ತೊಳೆಯೋಕೆ ಆಗಲ್ಲ, ಹಾಗಾಗಿ ಬೇರೆ ಹಾಕಿ ಇಲ್ಲಾ ಕತ್ತರಿಸಿ ಕ್ಲೀನ್ ಮಾಡಿ ಕೊಡೋರ ಹತ್ರ ಕೊಡಿ. ಕೂಲರನ್ನೂ ಅದರ ಪೈಪನ್ನೂ ಫ್ಲಶ್ ಮಾಡಿ. ಕನ್ವರ್ಟರ್‌ಗೆ ಸ್ವಲ್ಪ ಎಟಿಎಫ್ ಹಾಕಿ, ಗೇರ್‌ಬಾಕ್ಸ್ ಒಳಕ್ಕೆ ತಿರುಗಿಸ್ತಾ ತಳ್ಳಿ. ಇನ್‌ಪುಟ್ ಶಾಫ್ಟ್, ಸ್ಟೇಟರ್, ಪಂಪ್ ಗೇರ್ ಅಂತ ಮೂರು ಸಲ ಕಟಕ್ ಅಂತ ಒಳಗೆ ಬೀಳಬೇಕು. ಎರಡೇ ಸಲ ಬಿತ್ತು ಅಂದ್ರೆ ಪಂಪ್ ಗೇರಿಗೆ ಇನ್ನೂ ಸೇರಿಲ್ಲ. ಹಾಗೇ ಎತ್ತಿ ಕೂರಿಸಿ, ಸಂದಿ ಉಳೀತು ಅಂತ ಬೋಲ್ಟ್ ಬಿಗಿಮಾಡಿ ಎಳೆದ್ರೆ ಪಂಪ್ ಒಡೆಯತ್ತೆ. ಗೇರ್‌ಬಾಕ್ಸ್‌ಗೂ ಎಂಜಿನ್‌ಗೂ ಮಧ್ಯೆ ಸಂದಿ ಇರುವಾಗ ಬೋಲ್ಟ್‌ನಲ್ಲಿ ಯಾವತ್ತೂ ಎಳೀಬೇಡಿ, ಕೈಯಲ್ಲೇ ಮಟ್ಟಸವಾಗಿ ಕೂರಬೇಕು. ಕೂತ್ಮೇಲೆ ಕನ್ವರ್ಟರ್ ಕೈಗೆ ಸಲೀಸಾಗಿ ತಿರುಗಬೇಕು, ಅದಕ್ಕೂ ಫ್ಲೆಕ್ಸ್‌ಪ್ಲೇಟ್‌ಗೂ (ಎಂಜಿನ್ ಹಿಂದೆ ತಿರುಗೋ ತಟ್ಟೆ) ನಡುವೆ 3ರಿಂದ 5 ಮಿಲಿಮೀಟರ್ ಜಾಗ ಇರ್ಬೇಕು, ಆಮೇಲೆ ಮುಂದಕ್ಕೆ ಎಳೆದು ಬೋಲ್ಟ್ ಹಾಕೋದು.

ಇನ್ನೊಂದು, ಎಂಜಿನ್ ಬ್ಲಾಕ್ ಹಿಂದೆ ಎರಡು ಡೊವೆಲ್ ಪಿನ್ (ಗೇರ್‌ಬಾಕ್ಸ್‌ನ ನೇರವಾಗಿ ಕೂರಿಸೋ ಗೂಟ) ಇವೆಯಾ ನೋಡಿ. ಹಳೇ ಬ್ಲಾಕ್‌ನಲ್ಲಿ ಯಾರೋ ಕಿತ್ತುಹಾಕಿರ್ತಾರೆ, ಅವಿಲ್ದಿದ್ರೆ ಗೇರ್‌ಬಾಕ್ಸ್ ಕೂದಲೆಳೆಯಷ್ಟು ಓರೆಯಾಗಿ ಕೂತು ಪಂಪ್ ಬುಷ್ಷೂ ಮುಂದಿನ ಸೀಲೂ ತಿನ್ನತ್ತೆ, ಆಮೇಲೆ ಎಷ್ಟು ಸೀಲ್ ಹಾಕಿದ್ರೂ ಸೋರ್ತಾನೇ ಇರತ್ತೆ.

ಸ್ಟಾರ್ಟ್ ಮಾಡೋ ಮುಂಚೆ ಒಂದು 4 ಲೀಟರ್ ಆಯಿಲ್ ಹಾಕಿ, ಸ್ಟಾರ್ಟ್ ಆದ ತಕ್ಷಣ ಇನ್ನಷ್ಟು ಹಾಕ್ತಾ ಹೋಗಿ, ಬ್ರೇಕ್ ಒತ್ತಿಟ್ಟು ಲಿವರ್‌ನ ಎಲ್ಲ ಸ್ಥಾನಕ್ಕೂ ಒಂದ್ಸಲ ಓಡಿಸಿ, ಬಿಸಿ ಆದ್ಮೇಲೆ ಎಂಜಿನ್ ಓಡ್ತಿರುವಾಗಲೇ ಪಾರ್ಕ್‌ನಲ್ಲಿ ಮಟ್ಟ ನೋಡಿ. ಮೊದಲ ಓಟಕ್ಕೆ ಮುಂಚೆ ಪ್ರೆಷರ್ ಗೇಜ್ ಹಾಕಿ ನೋಡಿದ್ರೆ ತುಂಬ ಒಳ್ಳೇದು, 300 ಪಿಎಸ್‌ಐ ತನಕ ತೋರಿಸೋದು ಬೇಕು, ರಿವರ್ಸ್‌ನಲ್ಲಿ ಪ್ರೆಷರ್ ಬಹಳ ಏರತ್ತೆ.

ಪ್ರಶ್ನೆ: ನಂದೂ ಟರ್ಬೋ 350. ರೀಬಿಲ್ಡ್ ಆದ್ಮೇಲೆ ಗೇರ್ ತುಂಬ ತಡವಾಗಿ ಬೀಳ್ತಿದೆ, ಬಿದ್ದಾಗ ಧಡ್ ಅನ್ನತ್ತೆ. ಎಕ್ಸಾಸ್ಟ್‌ನಲ್ಲಿ ಬಿಳಿ ಹೊಗೆ ಬೇರೆ. ಎಲ್ಲೂ ಸೋರ್ತಿಲ್ಲ, ಆದ್ರೂ ಆಯಿಲ್ ಕಮ್ಮಿ ಆಗ್ತಿದೆ. ಮತ್ತೆ ಬಿಚ್ಚಬೇಕಾ?

ಉತ್ತರ: ಬಿಚ್ಚಬೇಡಿ. ಗೇರ್‌ಬಾಕ್ಸ್ ಬಲಗಡೆ ಹಿಂಭಾಗದಲ್ಲಿ ಡಬ್ಬಿ ಆಕಾರದ ಒಂದು ಭಾಗ ಇದೆ, ವ್ಯಾಕ್ಯೂಮ್ ಮಾಡ್ಯುಲೇಟರ್. ಅದರ ರಬ್ಬರ್ ಪೈಪ್ ಕಿತ್ತು ಒಳಗೆ ನೋಡಿ, ಕೆಂಪು ಆಯಿಲ್ ಇದ್ರೆ ಒಳಗಿನ ಪೊರೆ ಹರಿದಿದೆ, ಎಂಜಿನ್ ಅಲ್ಲಿಂದ ಎಟಿಎಫ್ ಎಳೆದು ಸುಡ್ತಿದೆ, ಬಿಳಿ ಹೊಗೆ ಅದೇ. ಒಂದು ಬೋಲ್ಟ್ ಬಿಚ್ಚಿದ್ರೆ ಬರತ್ತೆ. ಪೈಪ್ ಒಣಗಿದ್ರೆ ಅದು ಎಲ್ಲಿಗೆ ಹೋಗಿದೆ ನೋಡಿ, ಐಡ್ಲ್‌ನಲ್ಲೂ ವ್ಯಾಕ್ಯೂಮ್ ಇರೋ ಮ್ಯಾನಿಫೋಲ್ಡ್‌ನಿಂದಲೇ ಬರಬೇಕು, ಕಾರ್ಬ್ಯುರೇಟರ್‌ನಲ್ಲಿ ಥ್ರಾಟಲ್ ಮೇಲಿರೋ ತೂತಿಂದ ಅಲ್ಲ. ವ್ಯಾಕ್ಯೂಮ್ ಕಮ್ಮಿ ಆದ್ರೆ ಗೇರ್‌ಬಾಕ್ಸ್ ನೀವು ಆಕ್ಸಿಲರೇಟರ್ ಪೂರ್ತಿ ಒತ್ತಿದೀರ ಅಂದ್ಕೊಂಡು ಪ್ರೆಷರ್ ಏರಿಸತ್ತೆ, ಗೇರ್ ತಡ ಮಾಡತ್ತೆ. ದೊಡ್ಡ ಕ್ಯಾಮ್ ಹಾಕಿದ ಎಂಜಿನ್‌ನಲ್ಲಿ ಪೈಪ್ ಸರಿ ಇದ್ರೂ ಹೀಗಾಗತ್ತೆ, ಅದಕ್ಕೆ ಸ್ಕ್ರೂನಲ್ಲಿ ಹೊಂದಿಸೋ ಮಾಡ್ಯುಲೇಟರ್ ಸಿಗತ್ತೆ. ಆದ್ರೆ ಧಡ್ ಅನ್ನೋದು ಇಷ್ಟ ಇಲ್ಲ ಅಂತ ತೀರ ಮೆತ್ತಗೆ ಮಾಡ್ಬೇಡಿ, ಮೆತ್ತಗೆ ಬೀಳೋ ಗೇರ್ ಅಷ್ಟು ಹೊತ್ತು ಜಾರ್ತಾ ಇರತ್ತೆ.

ಪ್ರಶ್ನೆ: ಹೈವೇಗೆ ಓವರ್‌ಡ್ರೈವ್ ಬೇಕು ಅಂತ 350 ತೆಗೆದು ನಾಲ್ಕು ಗೇರಿನ 700ಆರ್4 ಆಟೋಮ್ಯಾಟಿಕ್ ಹಾಕೋ ಯೋಚನೆ. ಏನು ಗಮನಿಸ್ಬೇಕು?

ಉತ್ತರ: ಒಳ್ಳೆ ಯೋಚನೆ, ಗೇರ್ ಅನುಪಾತ ಫಸ್ಟ್ 3.06, ಫೋರ್ತ್ 0.70, ಎದ್ದು ಹೊರಡೋಕೂ ಚೆನ್ನ, ಹೈವೇಲೂ ಎಂಜಿನ್ ಆರಾಮ. ಕ್ರಾಸ್‌ಮೆಂಬರ್ ಜಾಗ ಮತ್ತೆ ಡ್ರೈವ್‌ಶಾಫ್ಟ್ ಉದ್ದ ಮೊದಲೇ ಅಳೀರಿ. ಮುಖ್ಯವಾದದ್ದು ಟಿವಿ ಕೇಬಲ್, ಅಂದ್ರೆ ಕಾರ್ಬ್ಯುರೇಟರ್‌ನಿಂದ ಗೇರ್‌ಬಾಕ್ಸ್‌ಗೆ ಹೋಗೋ ಥ್ರಾಟಲ್ ವಾಲ್ವ್ ಕೇಬಲ್. 350ರ ಕೇಬಲ್ ಕೆಲಸ ಕಿಕ್‌ಡೌನ್ (ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕೆಳಗಿನ ಗೇರಿಗೆ ಇಳಿಸೋದು) ಅಷ್ಟೇ, ಅದಿಲ್ದಿದ್ರೂ ಗೇರ್‌ಬಾಕ್ಸ್ ಸುಡಲ್ಲ. 1982ರಲ್ಲಿ ಬಂದ 700ಆರ್4ನಲ್ಲಿ ಮಾಡ್ಯುಲೇಟರ್ ಇಲ್ಲ, ಎಷ್ಟು ಪ್ರೆಷರ್ ಬೇಕು ಅನ್ನೋದನ್ನ ಈ ಕೇಬಲ್ಲೇ ಹೇಳೋದು. ಬೇರೆ ಕಂಪನಿ ಕಾರ್ಬ್ಯುರೇಟರ್ ಹಾಕಿದ್ರೆ ಕೇಬಲ್ ಸಿಕ್ಕೋ ಜಾಗದ ಅಳತೆ ಬೇರೆಯಾಗಿರತ್ತೆ, ಅದಕ್ಕೆ ಸರಿಯಾದ ಬ್ರಾಕೆಟ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕೇಬಲ್ಲೂ ಪೂರ್ತಿ ಎಳೆದಿರ್ಬೇಕು, ಬಿಟ್ಟಾಗ ಸಡಿಲ ಇರಬಾರ್ದು. ಆಮೇಲೆ ಗೇಜ್ ಹಾಕಿ ಪ್ರೆಷರ್ ಏರೋದನ್ನ ಕಣ್ಣಾರೆ ನೋಡಿ. ಕೇಬಲ್ ಸಿಕ್ಕಿಸದೆ ಟ್ರಯಲ್‌ಗೆ ಅಂತ ಒಂದು ಸುತ್ತೂ ಓಡಿಸ್ಬೇಡಿ, ಥರ್ಡ್-ಫೋರ್ತ್ ಕ್ಲಚ್ ಸುಡೋಕೆ ಅಷ್ಟು ಸಾಕು.