40 ಲೀಟರ್ ಕ್ಯಾಂಪಿಂಗ್ ಫ್ರಿಜ್ ಬೊಲೆರೊ ಬ್ಯಾಟರಿಯಲ್ಲಿ ಎರಡು ರಾತ್ರಿ ಓಡುತ್ತದಾ?

ನಿಮ್ಮ ಪ್ರಶ್ನೆ ಇಷ್ಟು: ಡಿಸೆಂಬರ್ ರಜೆಯಲ್ಲಿ ಹಾಸನದಿಂದ ಡೀಸೆಲ್ ಬೊಲೆರೊ ತಗೊಂಡು ನಾಲ್ಕು ಜನ ಬಿಸಿಲೆ ಘಾಟಿ ಕಡೆ ಎರಡು ರಾತ್ರಿ ಟೆಂಟ್ ಹಾಕಲು ಹೊರಟಿದ್ದೀರಿ. 40 ಲೀಟರ್ ಕಂಪ್ರೆಸರ್ ಫ್ರಿಜ್ ಒಂದನ್ನು ನೋಡಿಟ್ಟಿದ್ದೀರಿ. ಅದರ ಮೇಲೆ 60 ವಾಟ್ ಅಂತ ಬರೆದಿದೆ. 60 ವಾಟನ್ನು 48 ಗಂಟೆಗೆ ಗುಣಿಸಿದರೆ 2,880 ವಾಟ್-ಅವರ್, ಅಂದರೆ ಹತ್ತಿರ ಹತ್ತಿರ 3 ಯೂನಿಟ್ (1,000 ವಾಟ್-ಅವರ್‌ಗೆ ಒಂದು ಯೂನಿಟ್). ಅಷ್ಟು ಕರೆಂಟನ್ನು ಗಾಡಿ ಬ್ಯಾಟರಿ ಕೊಡುತ್ತದಾ, ಇಲ್ಲ ಸೋಲಾರ್ ಪ್ಯಾನೆಲ್ ತಗೊಳ್ಳಬೇಕಾ ಅಂತ ಕೇಳಿದ್ದೀರಿ.

ಮೊದಲು ಉತ್ತರ ಹೇಳಿಬಿಡುತ್ತೇನೆ. 3 ಯೂನಿಟ್ ಖಂಡಿತ ಆಗುವುದಿಲ್ಲ, ಮುಕ್ಕಾಲು ಯೂನಿಟ್ ಒಳಗೇ ಮುಗಿಯುತ್ತದೆ. ಆದರೆ ಅದೂ ನಿಮ್ಮ ಗಾಡಿ ಬ್ಯಾಟರಿಗೆ ಜಾಸ್ತಿಯೇ. ಬಿಸಿಲೆಗೆ ಸೋಲಾರ್ ಬೇಡ. ಮನೆಯಲ್ಲೇ ಸ್ವಲ್ಪ ತಯಾರಿ ಮಾಡಿಕೊಂಡರೆ ಹೊಸ ಬ್ಯಾಟರಿ ತಗೊಳ್ಳದೆಯೂ ಈ ಟ್ರಿಪ್ ಮುಗಿಸಬಹುದು.

ನಾನು ಮೂಡಿಗೆರೆ ಕಡೆಯವನು. ಜೀಪಿನ ಹಿಂದೆ ಇಂಥದ್ದೇ 40 ಲೀಟರ್ ಫ್ರಿಜ್ ಕಟ್ಟಿಕೊಂಡು ಓಡಾಡುತ್ತೇನೆ. ಅದರ ವೈರಿಗೆ ಒಂದು ಚಿಕ್ಕ ಡಿಸಿ ವಾಟ್ ಮೀಟರ್ ಹಾಕಿದ್ದೇನೆ. ಅಂಗಡಿಯವರು ಹೇಳುವ ವಾಟ್‌ಗಿಂತ ಈ ಮೀಟರ್ ಹೇಳುವ ವಾಟ್-ಅವರ್ ಮುಖ್ಯ. ಯಾಕಂದರೆ ಪೆಟ್ಟಿಗೆ ಮೇಲಿನ 60 ವಾಟ್ ಕಂಪ್ರೆಸರ್ ಓಡುವಾಗಿನ ಲೆಕ್ಕ, ಅದೂ ಗರಿಷ್ಠ. ಒಳಗೆ ತಣ್ಣಗಾದ ಮೇಲೆ ಕಂಪ್ರೆಸರ್ ನಿಲ್ಲುತ್ತದೆ. ಸ್ವಲ್ಪ ಬಿಸಿಯಾದರೆ ಮತ್ತೆ ಶುರುವಾಗುತ್ತದೆ. ನನ್ನದು ಓಡುವಾಗ 45ರಿಂದ 50 ವಾಟ್ ಎಳೆಯುತ್ತದೆ, ಅಂದರೆ 12 ವೋಲ್ಟಿನಲ್ಲಿ ಸುಮಾರು 4 ಆಂಪಿಯರ್. ನಿಂತಾಗ ಹೆಚ್ಚೆಂದರೆ ಒಂದೆರಡು ವಾಟ್. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಗಂಟೆಗೆ ಎಷ್ಟು ನಿಮಿಷ ಓಡುತ್ತದೆ?

ಇದು ಊರಿಂದ ಊರಿಗೆ ಬದಲಾಗುತ್ತದೆ. ಚಳಿಗಾಲದ ಬೆಳಿಗ್ಗೆ ಕೊಟ್ಟಿಗೆಹಾರದಲ್ಲಿ ಗಂಟೆಗೆ ಹತ್ತು ನಿಮಿಷ ಓಡಿದರೆ ಹೆಚ್ಚು. ಚಾರ್ಮಾಡಿ ಘಾಟಿ ಇಳಿದು ಮಧ್ಯಾಹ್ನ ಉಜಿರೆಯಲ್ಲಿ ನಿಲ್ಲಿಸಿದರೆ ಅದೇ ಫ್ರಿಜ್ ಅರ್ಧ ಗಂಟೆ ಓಡುತ್ತದೆ. ಒಳಗಿನ ಸಾಮಾನು ಅದೇ, ಸೆಟ್ಟಿಂಗ್ ಅದೇ. ಹೊರಗಿನ ಸೆಕೆ ಮಾತ್ರ ಬೇರೆ. ಗೋಡೆಯ ಮೂಲಕ ಒಳಗೆ ನುಗ್ಗುವ ಶಾಖ ಒಳಗಿನ ಮತ್ತು ಹೊರಗಿನ ಉಷ್ಣತೆಯ ವ್ಯತ್ಯಾಸದ ಮೇಲೆ ನಿಂತಿದೆ. ಒಳಗೆ 4 ಡಿಗ್ರಿ, ಹೊರಗೆ 30 ಇದ್ದರೆ ವ್ಯತ್ಯಾಸ 26. ಹೊರಗೆ 17 ಇದ್ದರೆ 13, ಸರಿಯಾಗಿ ಅರ್ಧ. ಡಿಸೆಂಬರಿನಲ್ಲಿ ಬಿಸಿಲೆಯಲ್ಲಿ ರಾತ್ರಿ ಒಳ್ಳೆ ಚಳಿ ಇರುತ್ತದೆ, ಹಗಲೂ ಮರದ ನೆರಳು. ಅಲ್ಲಿ ದಿನಕ್ಕೆ 350 ವಾಟ್-ಅವರ್ ಅಂತ ಲೆಕ್ಕ ಇಟ್ಟುಕೊಳ್ಳಿ. ಎರಡು ದಿನಕ್ಕೆ 700. ಇದೇ ಟ್ರಿಪ್ಪನ್ನು ಏಪ್ರಿಲ್‌ನಲ್ಲಿ ಅರಸೀಕೆರೆ ಬಯಲಲ್ಲಿ ಮಾಡಿದರೆ ದಿನಕ್ಕೆ 600 ಅಂತ ಹಿಡಿಯಬೇಕು.

ಮೀನು ಇಡಬೇಕು ಅಂತ ಮೈನಸ್ 18ಕ್ಕೆ ಇಳಿಸುವ ಆಸೆ ಇದ್ದರೆ ಬಿಟ್ಟುಬಿಡಿ. ವ್ಯತ್ಯಾಸ 26 ಇದ್ದದ್ದು 48 ಆಗುತ್ತದೆ. ಜೊತೆಗೆ ಅಷ್ಟು ತಣ್ಣಗೆ ಮಾಡುವಾಗ ಕಂಪ್ರೆಸರಿನ ಕಸುವೂ ಕಮ್ಮಿಯಾಗುತ್ತದೆ. ಖರ್ಚು ಎರಡು ಪಟ್ಟಿಗಿಂತ ಜಾಸ್ತಿ.

ಈ 350 ಅನ್ನುವುದು ಒಳಗಿನ ಸಾಮಾನು ಮೊದಲೇ ತಣ್ಣಗಿದ್ದರೆ ಮಾತ್ರ. ಎಲ್ಲರೂ ಎಡವುವುದು ಇಲ್ಲೇ. ಹೊರಡುವ ಬೆಳಿಗ್ಗೆ ಫ್ರಿಜ್ ಆನ್ ಮಾಡಿ, ದಾರಿಯಲ್ಲಿ ಸಕಲೇಶಪುರದಲ್ಲಿ ನೀರಿನ ಬಾಟಲಿ, ಕೂಲ್ ಡ್ರಿಂಕ್ಸ್, ಇನ್ನೊಂದಿಷ್ಟು "ಬಾಟಲಿ" ಎಲ್ಲಾ ತಗೊಂಡು ಹಾಗೇ ತುಂಬುತ್ತಾರೆ. 1 ಲೀಟರ್ ನೀರನ್ನು 28 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು 28 ವಾಟ್-ಅವರ್ ಶಾಖ ಹೊರಗೆ ಹಾಕಬೇಕು. 10 ಲೀಟರ್ ಆದರೆ 280. ಇಷ್ಟು ಚಿಕ್ಕ ಕಂಪ್ರೆಸರ್ ಒಂದು ವಾಟ್ ಕರೆಂಟಿಗೆ ಹೆಚ್ಚುಕಡಿಮೆ ಒಂದೂಕಾಲರಿಂದ ಒಂದೂವರೆ ವಾಟ್ ಶಾಖ ಹೊರಹಾಕುತ್ತದೆ. ಹಾಗಾಗಿ ಆ ಹತ್ತು ಲೀಟರಿಗೇ 200 ವಾಟ್-ಅವರ್ ಹೋಯಿತು. ನಾಲ್ಕು ಗಂಟೆಗೂ ಮೀರಿ ಕಂಪ್ರೆಸರ್ ನಿಲ್ಲದೆ ಓಡಬೇಕು. ಬಿಸಿಲೆಯಲ್ಲಿ ಅರ್ಧ ದಿನಕ್ಕಿಂತ ಜಾಸ್ತಿ ಆಗುವಷ್ಟು ಕರೆಂಟ್ ಅದು, ಬರೀ ನೀರಿಗೆ!

ಇನ್ನೊಂದು ಕಡೆ, ಮುಚ್ಚಳ ತೆಗೆದರೆ ಬೈಯುವವರು ಎಲ್ಲಾ ಗುಂಪಿನಲ್ಲೂ ಒಬ್ಬರು ಇರುತ್ತಾರೆ. ಪಾಪ, ಮಕ್ಕಳ ಮೇಲೆ ರೇಗುತ್ತಾರೆ. 40 ಲೀಟರ್ ಗಾಳಿ ಪೂರ್ತಿ ಬದಲಾದರೂ, ಅದರಲ್ಲಿನ ತೇವ ಸೇರಿಸಿದರೂ, ಒಳಗೆ ಬರುವ ಶಾಖ 1 ವಾಟ್-ಅವರ್ ಆಸುಪಾಸು. ಮೇಲಿಂದ ತೆರೆಯುವ ಪೆಟ್ಟಿಗೆಯಾದ್ದರಿಂದ ತಣ್ಣನೆ ಗಾಳಿ ಪೂರ್ತಿ ಚೆಲ್ಲುವುದೂ ಇಲ್ಲ. ಇಪ್ಪತ್ತು ಸಲ ಮುಚ್ಚಳ ತೆಗೆದರೂ ಒಂದು ಲೀಟರ್ ಬೆಚ್ಚಗಿನ ಬಾಟಲಿ ಇಟ್ಟಷ್ಟು ಆಗುವುದಿಲ್ಲ. ಬೈಯಲೇಬೇಕಿದ್ದರೆ ಬಿಸಿ ಬಾಟಲಿ ತಂದು ತುರುಕುವವರನ್ನು ಬೈಯಿರಿ.

ಆದ್ದರಿಂದ ಹಿಂದಿನ ರಾತ್ರಿಯೇ ಮನೆ ಪ್ಲಗ್ಗಿಗೆ ಹಾಕಿ ಫ್ರಿಜ್ಜನ್ನು 4 ಡಿಗ್ರಿಗೆ ಇಳಿಸಿ. ಹಾಲು, ಮೊಸರು, ಚಿಕನ್, ಕುಡಿಯುವುದು ಎಲ್ಲವನ್ನೂ ಮನೆ ಫ್ರಿಜ್ಜಿನಿಂದಲೇ ತಂದು ತುಂಬಿ. ಇದರ ಮೇಲೆ ಒಂದು ಉಪಾಯ. ಒಂದು ಲೀಟರಿನ ನಾಲ್ಕು ನೀರಿನ ಬಾಟಲಿಗಳನ್ನು ಮನೆ ಫ್ರೀಜರಿನಲ್ಲಿ ಕಲ್ಲಿನಂತೆ ಗಟ್ಟಿ ಮಾಡಿ ಒಳಗಿಡಿ. ಕುತ್ತಿಗೆವರೆಗೆ ತುಂಬಬೇಡಿ, ಐಸ್ ಉಬ್ಬಿ ಬಾಟಲಿ ಒಡೆಯುತ್ತದೆ. 1 ಕೆ.ಜಿ. ಐಸ್ ಕರಗಿ ನೀರಾಗುವಾಗ 93 ವಾಟ್-ಅವರ್ ಶಾಖ ಹೀರುತ್ತದೆ. ನಾಲ್ಕು ಬಾಟಲಿಗೆ 370. ಬ್ಯಾಟರಿ ಲೆಕ್ಕದಲ್ಲಿ ಸುಮಾರು 275 ವಾಟ್-ಅವರ್ ಉಳಿತಾಯ. 700ರಲ್ಲಿ 275 ಹೋದರೆ 425. ಕೊನೆಗೆ ಆ ನೀರನ್ನೇ ಕುಡಿಯಬಹುದು.

ಈಗ ಬ್ಯಾಟರಿಗೆ ಬರೋಣ. ನಿಮ್ಮದರ ಮೇಲೆ ಎಷ್ಟು ಆಂಪಿಯರ್-ಅವರ್ ಅಂತ ಬರೆದಿರುತ್ತದೆ, ನೋಡಿಕೊಳ್ಳಿ. 65 ಅಂತ ಇಟ್ಟುಕೊಳ್ಳೋಣ. 12ರಿಂದ ಗುಣಿಸಿದರೆ 780 ವಾಟ್-ಅವರ್. ಸಾಕಲ್ವಾ ಅನ್ನಿಸುತ್ತದೆ. ಸಾಲದು. ಗಾಡಿಯ ಲೆಡ್ ಬ್ಯಾಟರಿಯ ಪ್ಲೇಟುಗಳು ತೆಳ್ಳಗಿರುತ್ತವೆ. ಎರಡು ಸೆಕೆಂಡ್ ಜೋರಾಗಿ ಕರೆಂಟ್ ಕೊಟ್ಟು ಎಂಜಿನ್ ತಿರುಗಿಸಲು ಮಾಡಿದ್ದು ಅದು. ರಾತ್ರಿಯೆಲ್ಲಾ ನಿಧಾನಕ್ಕೆ ಹಿಂಡಿದರೆ ಆಯಸ್ಸು ಬೇಗ ಮುಗಿಯುತ್ತದೆ. ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಂದರೆ ಕೈಗೆ ಸಿಗುವುದು 390. ಎರಡು ಮೂರು ವರ್ಷ ಹಳೆಯದಾದರೆ ಅಷ್ಟೂ ಸಿಗುವುದಿಲ್ಲ. ಮೇಲಾಗಿ ಚಳಿಯ ಬೆಳಿಗ್ಗೆ ತಣ್ಣಗಾದ ಡೀಸೆಲ್ ಎಂಜಿನ್ನಿಗೆ ಸೆಲ್ಫ್ ಹೊಡೆಯಲು ಜಾಸ್ತಿ ಶಕ್ತಿ ಬೇಕು. ಬಿಸಿಲೆ ರಸ್ತೆಯಲ್ಲಿ ಬೊಲೆರೊ ತಳ್ಳುವುದು ಯಾರಿಗೆ ಬೇಕು ಮಾರಾಯ್ರೆ!

425 ಬೇಕು, 390 ಇದೆ. ಎರಡನೇ ದಿನ ನೀವು ಟೆಂಟಲ್ಲೇ ಕೂತಿರುವುದಿಲ್ಲವಲ್ಲ, ವ್ಯೂ ಪಾಯಿಂಟ್ ನೋಡಲೋ ಮೊಟ್ಟೆ ತರಲೋ ಗಾಡಿ ತೆಗೆದೇ ತೆಗೆಯುತ್ತೀರಿ. ಒಂದು ಗಂಟೆ ಓಡಿಸಿದರೂ ಒಂದಿಷ್ಟು ಚಾರ್ಜ್ ವಾಪಸ್ ಬರುತ್ತದೆ. ಅಷ್ಟು ಹೊತ್ತು ಫ್ರಿಜ್ಜಿಗೂ ಆಲ್ಟರ್ನೇಟರಿನಿಂದಲೇ (ಎಂಜಿನ್ ತಿರುಗುವಾಗ ಕರೆಂಟ್ ಮಾಡುವ ಭಾಗ) ಕರೆಂಟ್. ಲೆಡ್ ಬ್ಯಾಟರಿ ಪೂರ್ತಿ ತುಂಬಲು ಮಾತ್ರ ಗಂಟೆಗಟ್ಟಲೆ ಬೇಕು, ಕೊನೆಕೊನೆಗೆ ಅದು ತುಂಬಾ ನಿಧಾನ. ನಿಂತಲ್ಲೇ ಎಂಜಿನ್ ಆನ್ ಇಡುವ ಕೆಲಸ ಬೇಡ. ಐಡಲಿನಲ್ಲಿ ಆಲ್ಟರ್ನೇಟರ್ ಪೂರ್ತಿ ಕೊಡುವುದಿಲ್ಲ, ಡೀಸೆಲ್ ದಂಡ, ಹೊಗೆ ಪಕ್ಕದ ಟೆಂಟಿಗೆ. ಏನೇ ಆಗಲಿ, ಬ್ಯಾಟರಿ ಸೋತರೆ ಗಾಡಿ ಸ್ಟಾರ್ಟ್ ಮಾಡಿಸುವ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಜಂಪ್ ಸ್ಟಾರ್ಟರ್ ಒಂದನ್ನು ಜೊತೆಗಿಟ್ಟುಕೊಳ್ಳಿ.

ವರ್ಷದಲ್ಲಿ ಆಗಾಗ ಹೋಗುವವರಾದರೆ ಬೇರೆ ಬ್ಯಾಟರಿ ಹಾಕಿಸುವುದೇ ಸರಿ. 100 ಆಂಪಿಯರ್-ಅವರಿನ ಲಿಥಿಯಂ ಫೆರೋ ಫಾಸ್ಫೇಟ್ ಬ್ಯಾಟರಿಯಲ್ಲಿ 1,280 ವಾಟ್-ಅವರ್ ಇರುತ್ತದೆ. ಅದರಲ್ಲಿ ಸಾವಿರದಷ್ಟನ್ನು ಧೈರ್ಯವಾಗಿ ಬಳಸಬಹುದು. ಅದನ್ನು ಆಲ್ಟರ್ನೇಟರಿಗೆ ನೇರ ಜೋಡಿಸದೆ ನಡುವೆ ವೋಲ್ಟೇಜ್ ಸರಿಹೊಂದಿಸಿ ಕೊಡುವ 20 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಹಾಕಿಸಿ. ಕೆಲವು ಬಿಎಸ್-6 ಗಾಡಿಗಳಲ್ಲಿ ಡೀಸೆಲ್ ಉಳಿಸಲು ಆಲ್ಟರ್ನೇಟರ್ ತಾನೇ ವೋಲ್ಟೇಜ್ ಇಳಿಸಿಕೊಳ್ಳುತ್ತದೆ. ಚಾರ್ಜರ್ ಇಲ್ಲದಿದ್ದರೆ ಎರಡನೇ ಬ್ಯಾಟರಿ ತುಂಬುವುದೇ ಇಲ್ಲ. 20 ಆಂಪಿಯರಿನಲ್ಲಿ ಎರಡು ಗಂಟೆ ಓಡಿಸಿದರೆ 500 ವಾಟ್-ಅವರ್ ಸೇರುತ್ತದೆ, ಬಿಸಿಲೆಯಲ್ಲಿ ಒಂದು ದಿನಕ್ಕೆ ಮಿಕ್ಕುವಷ್ಟು. ಎತ್ತಿಕೊಂಡು ಹೋಗುವ ಪವರ್ ಸ್ಟೇಷನ್ ಪೆಟ್ಟಿಗೆ (ಸಾಕೆಟ್‌ಗಳಿರುವ ದೊಡ್ಡ ಬ್ಯಾಟರಿ) ಇದ್ದರೂ ಆಗುತ್ತದೆ. ಅದರ 12 ವೋಲ್ಟ್ ಸಾಕೆಟ್ಟಿಗೇ ಫ್ರಿಜ್ ಚುಚ್ಚಿ. 230 ವೋಲ್ಟಿಗೆ ಏರಿಸಿ, ಮತ್ತೆ ಅಡಾಪ್ಟರಿನಲ್ಲಿ 12ಕ್ಕೆ ಇಳಿಸಿದರೆ ದಾರಿಯಲ್ಲೇ ಒಂದು ಪಾಲು ಸುಮ್ನೆ ಬಿಸಿಯಾಗಿ ಹೋಗುತ್ತದೆ.

ಸೋಲಾರ್ ಯಾಕೆ ಬೇಡ ಅಂದೆ? ಫೆಬ್ರವರಿ, ಮಾರ್ಚ್‌ನಲ್ಲಿ ತೆರೆದ ಬಯಲಲ್ಲಿ 100 ವಾಟ್ ಪ್ಯಾನೆಲ್ ದಿನಕ್ಕೆ 300ರಿಂದ 400 ವಾಟ್-ಅವರ್ ಕೊಡುತ್ತದೆ. ಫ್ರಿಜ್ಜಿಗೆ ಸರಿಹೋಗುತ್ತದೆ. ಆದರೆ ಮಲೆನಾಡಲ್ಲಿ ಟೆಂಟ್ ಹಾಕುವುದು ಮರದ ಕೆಳಗೆ ಅಥವಾ ತೋಟದ ಸಿಲ್ವರ್ ಓಕ್ ನಡುವೆ. ಒಂದು ಕೊಂಬೆಯ ನೆರಳು ಅಡ್ಡ ಬಿದ್ದರೂ ಪ್ಯಾನೆಲ್ಲಿನಿಂದ ಬರುವುದು ಧಡಕ್ಕನೆ ಇಳಿಯುತ್ತದೆ. ಮಳೆಗಾಲದ ಮಾತಂತೂ ಆಡುವುದೇ ಬೇಡ. ಫ್ರಿಜ್ಜಿಗೆ ನೆರಳು ಬೇಕು, ಪ್ಯಾನೆಲ್ಲಿಗೆ ಬಿಸಿಲು ಬೇಕು. ಎರಡನ್ನೂ ಒಂದೇ ಜಾಗದಲ್ಲಿ ಹೊಂದಿಸಲು ದಿನವಿಡೀ ಎದ್ದು ಪ್ಯಾನೆಲ್ ತಿರುಗಿಸುತ್ತಾ ಕೂರಬೇಕು.

ನೀವು ಕೇಳಿಲ್ಲ, ಆದರೂ ಹೇಳಲೇಬೇಕಾದ ವಿಷಯ ವೈರ್. "ರಾತ್ರಿ ಫ್ರಿಜ್ ತಾನಾಗಿ ಆಫ್ ಆಯ್ತು, ಬ್ಯಾಟರಿ ನೋಡಿದರೆ ಚೆನ್ನಾಗೇ ಇದೆ" ಅನ್ನುವ ದೂರು ತುಂಬಾ ಕೇಳುತ್ತೇನೆ. ಈ ಫ್ರಿಜ್‌ಗಳಲ್ಲಿ ಬ್ಯಾಟರಿ ಕಾಯಲು ಲೋ, ಮೀಡಿಯಂ, ಹೈ ಅಂತ ಮೂರು ಕಟ್-ಆಫ್ ಇರುತ್ತವೆ. ಹೈ ಇಟ್ಟರೆ ವೋಲ್ಟೇಜ್ ಸ್ವಲ್ಪ ಇಳಿದ ಕೂಡಲೇ ಫ್ರಿಜ್ ನಿಲ್ಲುತ್ತದೆ, ಗಾಡಿ ಸ್ಟಾರ್ಟ್ ಮಾಡಲು ಚಾರ್ಜ್ ಉಳಿಯುತ್ತದೆ. ಗಾಡಿ ಬ್ಯಾಟರಿಗೆ ಹೈ, ಪ್ರತ್ಯೇಕ ಲಿಥಿಯಂ ಬ್ಯಾಟರಿಗೆ ಲೋ. ಸಮಸ್ಯೆ ಏನಂದರೆ, ಫ್ರಿಜ್ ನೋಡುವುದು ತನ್ನ ಬಾಯಿಗೆ ಬಂದು ತಲುಪಿದ ವೋಲ್ಟೇಜನ್ನು ಮಾತ್ರ. ಬ್ಯಾಟರಿಯಿಂದ ಡಿಕ್ಕಿವರೆಗೆ 5 ಮೀಟರ್ ದೂರ, ಹೋಗಿ ಬರುವ ವೈರ್ ಸೇರಿ 10 ಮೀಟರ್. 1.5 ಸ್ಕ್ವೇರ್ ಎಂಎಂ ವೈರಿನಲ್ಲಿ 5 ಆಂಪಿಯರ್ ಹರಿದರೆ 0.6 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಬ್ಯಾಟರಿಯಲ್ಲಿ 12.2 ಇದ್ದರೂ ಫ್ರಿಜ್ಜಿಗೆ ಕಾಣುವುದು 11.6. ಅದು ಪಾಪ, ಬ್ಯಾಟರಿ ಸತ್ತಿತು ಅಂದುಕೊಂಡು ನಿಲ್ಲುತ್ತದೆ. 6 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆಸಿದರೆ ನಷ್ಟ 0.15 ವೋಲ್ಟ್ ಅಷ್ಟೇ. ಯಾವುದೇ ಆಟೋ ಎಲೆಕ್ಟ್ರಿಷಿಯನ್ ಮಾಡಿಕೊಡುತ್ತಾರೆ. ಬ್ಯಾಟರಿ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್ ಹಾಕಿಸುವುದನ್ನು ಮರೆಯಬೇಡಿ, ತುದಿಯಲ್ಲಿ ಹಾಕಿದರೆ ಪ್ರಯೋಜನವಿಲ್ಲ. ಸಿಗರೇಟ್ ಲೈಟರ್ ಸಾಕೆಟ್ ನಂಬಬೇಡಿ. ಕೆಲವು ಗಾಡಿಗಳಲ್ಲಿ ಕೀ ತೆಗೆದ ಕೂಡಲೇ ಅದು ಆಫ್, ಇನ್ನು ಕೆಲವದರಲ್ಲಿ ಕೆಟ್ಟ ರಸ್ತೆಯಲ್ಲಿ ಪಿನ್ ಅಲ್ಲಾಡಿ ಬಿಸಿಯಾಗುತ್ತದೆ.

ಅಂಗಡಿಯಲ್ಲಿ ಅಗ್ಗದ "ಕಾರ್ ಫ್ರಿಜ್" ತೋರಿಸಿದರೆ ಕಂಪ್ರೆಸರ್ ಇದೆಯಾ ಅಂತ ಕೇಳಿ. ಕಂಪ್ರೆಸರ್ ಇಲ್ಲದ ಪೆಲ್ಟಿಯರ್ ಮಾದರಿಯವು ನಿಲ್ಲದೆ 50 ವಾಟ್ ಎಳೆಯುತ್ತವೆ, ದಿನಕ್ಕೆ 1.2 ಯೂನಿಟ್. ಕೊಡುವುದು ಹೊರಗಿಗಿಂತ 15ರಿಂದ 20 ಡಿಗ್ರಿ ಕಡಿಮೆ ಅಷ್ಟೇ. ಬೇಸಿಗೆಯಲ್ಲಿ ಅದರಲ್ಲಿ ಹಾಲಿಟ್ಟರೆ ಒಡೆಯುತ್ತದೆ. ಇನ್ನು ಒಂದೇ ರಾತ್ರಿಯ ಟ್ರಿಪ್ ಆದರೆ ನನ್ನನ್ನು ಕೇಳಿದರೆ ಯಾವ ಫ್ರಿಜ್ಜೂ ಬೇಡ. ಮೀನಿನವರು ಬಳಸುವ ದಪ್ಪ ಥರ್ಮೋಕೋಲ್ ಡಬ್ಬ, ಅದರ ತುಂಬಾ ಐಸ್. ಮಂಗಳೂರಿಂದ ಬಂಗುಡೆ ಘಾಟಿ ಹತ್ತಿ ನಮ್ಮೂರಿಗೆ ಬರುವುದು ಹಾಗೇ.

ಫ್ರಿಜ್ ಇಡುವ ಜಾಗದ ಬಗ್ಗೆ ಎರಡು ಮಾತು. ಗಾಳಿ ಕಿಂಡಿ ಇರುವ ಬದಿಯಲ್ಲಿ ಒಂದು ಗೇಣು ಜಾಗ ಬಿಡಿ, ಮೇಲೆ ಹಾಸಿಗೆ ಸುತ್ತಿ ಹೇರಬೇಡಿ. ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಗಾಡಿಯೊಳಗೆ 50 ಡಿಗ್ರಿ ದಾಟುತ್ತದೆ. ಅಲ್ಲಿ ಮೇಲಿನ ಲೆಕ್ಕ ಯಾವುದೂ ನಡೆಯುವುದಿಲ್ಲ. ಕೆಟ್ಟ ರಸ್ತೆಗೆ ಪಟ್ಟಿ ಹಾಕಿ ಬಿಗಿಯಾಗಿ ಕಟ್ಟಿ. ಓರೆಯಾದರೆ ಹೆದರಬೇಕಿಲ್ಲ, ಈ ಕಂಪ್ರೆಸರ್‌ಗಳು ಸಾಮಾನ್ಯವಾಗಿ 30 ಡಿಗ್ರಿವರೆಗಿನ ಓರೆ ತಡೆಯುತ್ತವೆ.

ಹಾಗೇ, ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ಉಳಿಯುವಂತಿಲ್ಲ. ನೀವು ಹೇಗೂ ಹೋಮ್‌ಸ್ಟೇ ಅಂಗಳದಲ್ಲೋ ಯಾರದ್ದಾದರೂ ತೋಟದಲ್ಲೋ ಟೆಂಟ್ ಹಾಕುತ್ತೀರಿ. ಅಲ್ಲಿ ಒಂದು ಪ್ಲಗ್ ಪಾಯಿಂಟ್ ಕೇಳಿ ನೋಡಿ. ರಾತ್ರಿ ಪೂರ್ತಿ ಹಾಕಿದರೂ ಅವರಿಗೆ ಕಾಲು ಯೂನಿಟ್ ಖರ್ಚು. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲು ಬರುವುದಿಲ್ಲ, ಆದ್ದರಿಂದ ಐಸ್ ಬಾಟಲಿ ಮಾತ್ರ ಬಿಡಬೇಡಿ.

ಹೊರಡುವ ಮುಂಚಿನ ವಾರ ಫ್ರಿಜ್ಜನ್ನು ಗಾಡಿಯಲ್ಲೇ ಇಟ್ಟು, ನಡುವೆ ವಾಟ್ ಮೀಟರ್ ಹಾಕಿ, ಒಂದು ರಾತ್ರಿ ಮನೆ ಮುಂದೆಯೇ ಓಡಿಸಿ ನೋಡಿ. ಬೆಳಿಗ್ಗೆ ಎಷ್ಟು ವಾಟ್-ಅವರ್ ತೋರಿಸಿತು, ಬ್ಯಾಟರಿ ಎಷ್ಟು ಆಂಪಿಯರ್-ಅವರಿನದ್ದು, ಎಷ್ಟು ಹಳೆಯದು ಅಂತ ಇಲ್ಲೇ ತಿಳಿಸಿದರೆ ನಿಮ್ಮ ಗಾಡಿಗೇ ಲೆಕ್ಕ ಹಾಕಿ ಹೇಳುತ್ತೇನೆ.