ಹಡಗಿನ ಬಾಗಿಲು ಎಷ್ಟು ಇಂಚು?

ಪ್ರಶ್ನೆ: ಅಪ್ಪಾಜಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಗಾಲಿಕುರ್ಚಿಯಲ್ಲೇ ಓಡಾಟ. ಸಿಂಗಪುರದಿಂದ ಹೊರಡುವ ಕ್ರೂಸ್ ಹಡಗಿನಲ್ಲಿ ನಾಲ್ಕು ರಾತ್ರಿಗೆ ಬಾಲ್ಕನಿ ಕ್ಯಾಬಿನ್ ಬುಕ್ ಮಾಡಿದ್ದೇವೆ. ಏಜೆಂಟರು ‘ವೀಲ್‌ಚೇರ್ ಅಂತ ಬರೆಸೀನಿ, ಚಿಂತಿ ಮಾಡಬ್ಯಾಡ್ರಿ’ ಅಂದರು. ಅಷ್ಟು ಸಾಕೇ?
– ಓದುಗರು, ಸಿರುಗುಪ್ಪ

ಉತ್ತರ: ಸಾಲದು. ಹಾಗೆ ಬರೆಸಿದರೆ ಸಿಗುವುದು ಸಾಮಾನ್ಯವಾಗಿ ಬಂದರಿನಿಂದ ಹಡಗಿನವರೆಗೆ ಕುರ್ಚಿ ತಳ್ಳಿಕೊಡುವ ಸೇವೆ ಮಾತ್ರ. ಕ್ಯಾಬಿನ್ ಬದಲಾಗುವುದಿಲ್ಲ.

ಮಾಮೂಲಿ ಕ್ಯಾಬಿನ್ನಿನ ಬಾಗಿಲು ಅನೇಕ ಹಡಗುಗಳಲ್ಲಿ 22–23 ಇಂಚು. ಬಚ್ಚಲಿಗೆ ಹೊಸ್ತಿಲು ಬೇರೆ. 18 ಇಂಚು ಸೀಟಿನ ಮಡಚುವ ಗಾಲಿಕುರ್ಚಿಯ ಒಟ್ಟು ಅಗಲವೇ ಸುಮಾರು 25–26 ಇಂಚು. ಜನ ಎಡವುವುದು ಇಲ್ಲೇ: ಕಂಪನಿಯವರು ಅಗಲ ಕೇಳಿದರೆ ಸೀಟಿನ ಅಳತೆ ಹೇಳಿಬಿಡುತ್ತಾರೆ. ಕೈಯಲ್ಲಿ ಹಿಡಿದು ತಿರುಗಿಸುವ ಹೊರಬಳೆ ಇದೆಯಲ್ಲ, ಆ ಕಡೆಯದರ ಅಂಚಿನಿಂದ ಈ ಕಡೆಯದರ ಅಂಚಿಗೆ ಟೇಪು ಹಿಡಿಯಿರಿ. ಕುರ್ಚಿಯನ್ನು ಮಡಚಿದಾಗಿನ ಅಳತೆ, ತೂಕವನ್ನೂ ಬರೆದಿಟ್ಟುಕೊಳ್ಳಿ.

ನಿಮಗೆ ಬೇಕಾದದ್ದು ಪೂರ್ತಿ ‘ಆಕ್ಸೆಸಿಬಲ್’ ಕ್ಯಾಬಿನ್. ಅದರ ಬಾಗಿಲು ಸುಮಾರು 32 ಇಂಚು ಇರುತ್ತದೆ, ಒಳಗೆ ಕುರ್ಚಿ ತಿರುಗಲು 5 ಅಡಿ ಜಾಗ, ಹೊಸ್ತಿಲಿಲ್ಲದ ಸ್ನಾನದ ಜಾಗ, ಅಲ್ಲಿ ಗೋಡೆಗೆ ಮಡಚುವ ಸೀಟು, 17–19 ಇಂಚು ಎತ್ತರದ ಕಮೋಡ್. ಸಾವಿರಕ್ಕೂ ಹೆಚ್ಚು ಕ್ಯಾಬಿನ್ ಇರುವ ಹಡಗಿನಲ್ಲೂ ಇಂಥವು ಕೆಲವೇ ಡಜನ್. ಆದ್ದರಿಂದ ಇವತ್ತೇ ಬದಲಾವಣೆ ಕೇಳಿ. ಹಡಗಿನ ನಕ್ಷೆಯಲ್ಲಿ ಗಾಲಿಕುರ್ಚಿ ಚಿಹ್ನೆಯಿರುವ ಕ್ಯಾಬಿನ್ ನೋಡಿ, ಅದರ ನಂಬರನ್ನು ಬುಕಿಂಗ್ ಪತ್ರದಲ್ಲೇ ಬರೆಸಿಕೊಳ್ಳಿ. ‘ಗ್ಯಾರಂಟಿ’ ಎಂಬ ಅಗ್ಗದ ದರ ಬೇಡ. ಹೆಸರಷ್ಟೇ ಗ್ಯಾರಂಟಿ, ಯಾವ ಕ್ಯಾಬಿನ್ ಕೊಡಬೇಕೆಂದು ಕೊನೆಗೆ ಕಂಪನಿಯೇ ತೀರ್ಮಾನಿಸುತ್ತದೆ.

ಅಪ್ಪಾಜಿಯವರಿಗೆ ಎಡಗೈ ಮಾತ್ರ ಆಸರೆ. ಕಮೋಡಿನ ಮೇಲೆ ಕೂತಾಗ ಗೋಡೆಯ ಹಿಡಿಕೆ ಎಡಕ್ಕೆ ಬರುತ್ತದೋ ಬಲಕ್ಕೋ ಎಂದು ಕೇಳಿ. ಒಂದೇ ಹಡಗಿನಲ್ಲಿ ಅಕ್ಕಪಕ್ಕದ ಕ್ಯಾಬಿನ್ನುಗಳು ಒಂದಕ್ಕೊಂದು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರುವುದುಂಟು. ಹಿಡಿಕೆ ಬಲಕ್ಕಿದ್ದರೆ ಅವರಿಗೆ ಅದು ಇದ್ದೂ ಇಲ್ಲದಂತೆ. ಬಚ್ಚಲಿನ ಫೋಟೋ ತರಿಸಿ ನೋಡುವುದು ಇನ್ನೂ ಒಳ್ಳೆಯದು. ಬಾಲ್ಕನಿಗೆ ಹೊಸ್ತಿಲಿದ್ದರೆ ಇಳಿಜಾರು ಹಲಗೆ ಇದೆಯೇ ಎಂದೂ ವಿಚಾರಿಸಿ.

ಆಮೇಲೆ ಕಂಪನಿಯ ‘ಸ್ಪೆಷಲ್ ನೀಡ್ಸ್’ ಫಾರಂ ತುಂಬಬೇಕು. ಅದಕ್ಕೆ ಗಡುವು ಇರುತ್ತದೆ, ಏಜೆಂಟರು ತುಂಬಿಯಾರೆಂದು ಕೂರಬೇಡಿ. ಸ್ನಾನ ಮಾಡಿಸುವುದು, ಶೌಚಕ್ಕೆ ಕೂರಿಸುವುದು, ಎತ್ತಿ ಮಲಗಿಸುವುದು ಹಡಗಿನ ಸಿಬ್ಬಂದಿಯ ಕೆಲಸವಲ್ಲ, ಮನೆಯವರು ಜೊತೆಗಿರಲೇಬೇಕು. ಬೆಂಕಿ ಬಿದ್ದಾಗ ಲಿಫ್ಟ್ ಬಳಸುವಂತಿಲ್ಲ. ಹತ್ತಿದ ದಿನವೇ ಸುರಕ್ಷತಾ ತಾಲೀಮಿನಲ್ಲಿ, ಅಪ್ಪಾಜಿಯವರನ್ನು ಮೆಟ್ಟಿಲಲ್ಲಿ ಇಳಿಸುವವರು ಯಾರೆಂದು ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ನಮ್ಮದು ಬ್ಯಾಟರಿ ಗಾಲಿಕುರ್ಚಿ, ಲಿಥಿಯಂ. ವಿಮಾನದಲ್ಲಿ, ಹಡಗಿನಲ್ಲಿ ಬಿಡುತ್ತಾರಾ?
– ಓದುಗರು, ಗಂಗಾವತಿ

ಉತ್ತರ: ಮೊದಲು ಬ್ಯಾಟರಿಯ ಮೇಲಿನ ಚೀಟಿ ಓದಿ. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ವ್ಯಾಟ್-ಅವರ್, ಅಂದರೆ ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಅಳತೆ. ಮಡಚುವ ಕುರ್ಚಿಯಿಂದ ಬ್ಯಾಟರಿ ಬಿಚ್ಚಿ ವಿಮಾನದಲ್ಲಿ ಕೈಯಲ್ಲಿ ಒಯ್ಯುವುದಾದರೆ ಒಂದೇ ಬ್ಯಾಟರಿಗೆ 300, ಎರಡಿದ್ದರೆ ಒಂದೊಂದಕ್ಕೆ 160 ವ್ಯಾಟ್-ಅವರ್ ಮಿತಿ. 24 ವೋಲ್ಟ್, 12 ಆಂಪಿಯರ್-ಅವರ್ ಆದರೆ 288, ಪಾಸು. 20 ಆದರೆ 480, ನಪಾಸು. ಚೀಟಿ ಅಳಿಸಿಹೋಗಿದ್ದರೆ ಕೌಂಟರಿನಲ್ಲೇ ತಡೆಯುತ್ತಾರೆ, ತಯಾರಕರ ಪತ್ರ ಕೈಯಲ್ಲಿರಲಿ. ವಿಮಾನ ಕಂಪನಿಗೆ ಮುಂಚಿತವಾಗಿ ತಿಳಿಸದೆ ಹೋಗಬೇಡಿ.

ಹಡಗಿನಲ್ಲಿ ಚಾರ್ಜಿಂಗ್ ಕ್ಯಾಬಿನ್ನಿನೊಳಗೇ. ಓಣಿಯಲ್ಲಿ ನಿಲ್ಲಿಸಿದರೆ ಜನ ತಪ್ಪಿಸಿಕೊಳ್ಳುವ ದಾರಿಗೆ ಅಡ್ಡ, ಹಾಗಾಗಿ ಬಿಡುವುದಿಲ್ಲ. ಹಲವು ಕಂಪನಿಗಳು ನಮ್ಮ ಎಕ್ಸ್‌ಟೆನ್ಷನ್ ಬಾಕ್ಸನ್ನು ತಪಾಸಣೆಯಲ್ಲೇ ತೆಗೆದಿಟ್ಟುಕೊಳ್ಳುತ್ತವೆ, ನಮ್ಮ ದಪ್ಪ ಮೂರು ಕಡ್ಡಿಯ ಪ್ಲಗ್ ಅಲ್ಲಿನ ಸಾಕೆಟ್ಟಿಗೆ ಕೂರದೆಯೂ ಇರಬಹುದು. ಅಡಾಪ್ಟರ್, ಉದ್ದ ವೈರಿನ ಚಾರ್ಜರ್ ಇಲ್ಲಿಂದಲೇ ಒಯ್ಯಿರಿ.

ಪ್ರಶ್ನೆ: ಅಕ್ಕನಿಗೆ ಪೋಲಿಯೋ, ಊರುಗೋಲಿನಲ್ಲಿ ನಡೆಯುತ್ತಾಳೆ. ಮುಂಬೈನಿಂದ ಹಡಗಿನಲ್ಲಿ ಲಕ್ಷದ್ವೀಪಕ್ಕೆ ಹೋಗುವ ಆಸೆ. ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ ರಿಯಾಯಿತಿ ಇದೆಯೇ?
– ಓದುಗರು, ಮಾನ್ವಿ

ಉತ್ತರ: ಹಡಗಿನ ಟಿಕೆಟ್ಟಿಗೆ ಅದನ್ನು ನಂಬಿ ಬಜೆಟ್ ಹಾಕಬೇಡಿ. ರೈಲಿನಲ್ಲಿ ರಿಯಾಯಿತಿ ಉಂಟು. ರಾಯಚೂರಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ನೇರ ಮುಂಬೈ. ಸ್ಲೀಪರ್, ತ್ರೀ ಎಸಿಯಲ್ಲಿ ಶೇ. 75, ಟೂ ಎಸಿಯಲ್ಲಿ ಶೇ. 50, ಜೊತೆಗಾರರೊಬ್ಬರಿಗೂ ಅಷ್ಟೇ. ಆದರೆ ಕಾಲಿನ ಅಂಗವೈಕಲ್ಯಕ್ಕೆ ‘ಜೊತೆಗಾರರಿಲ್ಲದೆ ಪ್ರಯಾಣಿಸಲಾರರು’ ಎಂದು ವೈದ್ಯರ ಪ್ರಮಾಣಪತ್ರ ಬೇಕು. ಅಕ್ಕ ಒಬ್ಬರೇ ಓಡಾಡುವವರಾದರೆ ಸಿಗಲಾರದು.

ಇನ್ನು ಹಡಗಿನ ಕ್ಯಾಬಿನ್ನಿನಲ್ಲಿ ಹಿಡಿಕೆ, ಸ್ನಾನಕ್ಕೆ ಸೀಟು, ಲಿಫ್ಟಿಗೆ ಹತ್ತಿರ ಇದ್ದರೆ ಸಾಕು. ಹಿಡಿಕೆಯಿರುವ ಅರೆ ಆಕ್ಸೆಸಿಬಲ್ ಕ್ಯಾಬಿನ್ ಇದೆಯೇ ಕೇಳಿ. ಪೂರ್ತಿ ಆಕ್ಸೆಸಿಬಲ್ ಕ್ಯಾಬಿನ್ ಕುರ್ಚಿಯವರಿಗೆ ಉಳಿಯಲಿ. ನಿಜವಾದ ತೊಡಕು ಲಕ್ಷದ್ವೀಪದಲ್ಲಿದೆ. ದೊಡ್ಡ ಹಡಗು ದಡ ಮುಟ್ಟುವುದಿಲ್ಲ, ಸಮುದ್ರದಲ್ಲೇ ನಿಂತು ಸಣ್ಣ ದೋಣಿಗೆ ಇಳಿಸುತ್ತದೆ. ಹಡಗೂ ದೋಣಿಯೂ ಬೇರೆಬೇರೆಯಾಗಿ ಏರಿಳಿಯುವಾಗ ಒಂದು ಹೆಜ್ಜೆ ತಾವೇ ಇಡಬೇಕು, ಊರುಗೋಲು ಅಲ್ಲಿ ಜಾರುತ್ತದೆ. ಅಲೆ ಜೋರಿದ್ದರೆ ಕ್ಯಾಪ್ಟನ್ ಯಾರನ್ನೂ ಇಳಿಸದೆ ಹೋಗಬಹುದು. ಹಾಗಾದಾಗ ದ್ವೀಪದ ಸುತ್ತಾಟಕ್ಕೆ ಕಟ್ಟಿದ ಹಣ ವಾಪಸ್ ಬರುತ್ತದೆಯೇ ಎಂಬುದನ್ನು ಬುಕ್ ಮಾಡುವ ಮೊದಲೇ ಬರಹದಲ್ಲಿ ಪಡೆಯಿರಿ.