ಹೃದಯದಲ್ಲಿ ಸ್ಟೆಂಟ್ ಇದ್ದಾಗ ಎಂಆರ್‌ಐ ಮಾಡಿಸಬಹುದೇ?

ಪ್ರಶ್ನೆ: ನನ್ನ ತಂದೆಯವರ ಹೃದಯದ ರಕ್ತನಾಳಕ್ಕೆ ಮೂರು ವಾರಗಳ ಹಿಂದೆ ಔಷಧಲೇಪಿತ ಸ್ಟೆಂಟ್ (ನಾಳವನ್ನು ತೆರೆದಿಡುವ ಲೋಹದ ಜಾಲರಿ ಕೊಳವೆ) ಅಳವಡಿಸಿದ್ದಾರೆ. ಈಗ ಬೆನ್ನುಹುರಿಯ ತೊಂದರೆಗೆ ಎಂಆರ್‌ಐ ಆಗಬೇಕಾಗಿದೆ. ಎರಡು ತಿಂಗಳು ಕಾಯದಿದ್ದರೆ ಅಯಸ್ಕಾಂತದ ಸೆಳೆತಕ್ಕೆ ಸ್ಟೆಂಟ್ ಜರುಗುತ್ತದೆಂದು ಬಂಧುಗಳು ಹೆದರಿಸುತ್ತಿದ್ದಾರೆ. ಇದು ನಿಜವೇ? ಸ್ಟೆಂಟ್ ಮತ್ತೆ ಕಟ್ಟಿಕೊಂಡಿದೆಯೇ ಎಂಬುದನ್ನೂ ಎಂಆರ್‌ಐಯಲ್ಲೇ ನೋಡಬಹುದೇ?

ಉತ್ತರ: ನಿಮ್ಮ ಬಂಧುಗಳ ಮಾತು ಒಂದು ಕಾಲದಲ್ಲಿ ವೈದ್ಯರೇ ಹೇಳುತ್ತಿದ್ದ ಮಾತು. ಸ್ಟೆಂಟಿನ ಜಾಲರಿಯ ಮೇಲೆ ರಕ್ತನಾಳದ ಒಳಪೊರೆ ಬೆಳೆದು ಅದು ಭದ್ರವಾಗಲು ಆರರಿಂದ ಎಂಟು ವಾರ ಬೇಕೆಂದು ಆಗ ಭಾವಿಸಿದ್ದರು. ಆದರೆ ಪರೀಕ್ಷೆಗಳೂ ರೋಗಿಗಳ ಅನುಭವವೂ ಆ ಭಯಕ್ಕೆ ಆಧಾರ ಒದಗಿಸಲಿಲ್ಲ. ಹೃದಯದ ಸ್ಟೆಂಟ್ ಇರುವವರಿಗೆ, ಅದನ್ನು ಅಳವಡಿಸಿದ ದಿನವೇ ಆದರೂ, 3 ಟೆಸ್ಲಾವರೆಗಿನ (ಟೆಸ್ಲಾ ಎಂಬುದು ಕಾಂತಕ್ಷೇತ್ರದ ಬಲದ ಅಳತೆ) ಯಂತ್ರದಲ್ಲಿ ಎಂಆರ್‌ಐ ಮಾಡಬಹುದೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2007ರಲ್ಲೇ ಹೇಳಿದೆ. ಆದ್ದರಿಂದ ತಂದೆಯವರಿಗೆ ಅಗತ್ಯವಾದ ಪರೀಕ್ಷೆಯನ್ನು ಸ್ಟೆಂಟಿನ ಕಾರಣಕ್ಕಾಗಿ ಮುಂದೂಡಬೇಡಿ.

ಎಂಆರ್‌ಐ ಯಂತ್ರಗಳಲ್ಲಿ ಸಾಮಾನ್ಯವಾದ 1.5 ಟೆಸ್ಲಾ ಎಂದರೆ ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 30,000 ಪಟ್ಟು ಪ್ರಬಲವಾದ ಕ್ಷೇತ್ರ, ಹೆದರಿಕೆ ಸಹಜವೇ. ಆದರೂ ಅದು ಎಲ್ಲ ಲೋಹಗಳನ್ನೂ ಒಂದೇ ರೀತಿಯಲ್ಲಿ ಸೆಳೆಯುವುದಿಲ್ಲ. ಸ್ಟೆಂಟುಗಳಿಗೆ ಬಳಸುವ 316ಎಲ್ ಎಂಬ ಉಕ್ಕಿನಲ್ಲಿ ಕಬ್ಬಿಣವಿದ್ದರೂ ಅದರ ಹರಳಿನ ರಚನೆಯಿಂದಾಗಿ ಅಯಸ್ಕಾಂತಕ್ಕೆ ಅಂಟುವ ಗುಣ ಬಹುಮಟ್ಟಿಗೆ ಇರುವುದಿಲ್ಲ. ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹಕ್ಕೂ, ಕಾಲು ಮತ್ತು ಕುತ್ತಿಗೆಯ ಅಪಧಮನಿಗಳಲ್ಲಿ ಹೆಚ್ಚಾಗಿ ಬಳಸುವ ನಿಟಿನಾಲ್ ಎಂಬ ನಿಕಲ್-ಟೈಟಾನಿಯಂ ಮಿಶ್ರಲೋಹಕ್ಕೂ ಇದೇ ಮಾತು ಸಲ್ಲುತ್ತದೆ. ಮೇಲಾಗಿ, ಹೃದಯದ ಸ್ಟೆಂಟನ್ನು ಬಲೂನಿನ ಒತ್ತಡದಿಂದ ಹಿಗ್ಗಿಸಿ ನಾಳದ ಗೋಡೆಗೆ ಒತ್ತಿ ಕೂರಿಸಿರುತ್ತಾರೆ. ಔಷಧದ ಲೇಪನದಿಂದ ಈ ಲೆಕ್ಕ ಬದಲಾಗದು.

ಹಾಗೆಂದು ಯಾವ ನಿಯಮವೂ ಇಲ್ಲವೆಂದಲ್ಲ. ಲೋಹದ ಸ್ಟೆಂಟುಗಳು ‘ಷರತ್ತುಬದ್ಧ ಸುರಕ್ಷಿತ’ ವರ್ಗಕ್ಕೆ ಸೇರುತ್ತವೆ. ಎಂಆರ್‌ಐ ಯಂತ್ರದ ರೇಡಿಯೋ ತರಂಗಗಳು ಲೋಹವನ್ನು ಸ್ವಲ್ಪ ಬಿಸಿ ಮಾಡಬಲ್ಲವು. ಒಂದರ ಮೇಲೊಂದು ಚಾಚಿಕೊಂಡ ಸ್ಟೆಂಟುಗಳಿದ್ದರೆ ಒಟ್ಟು ಉದ್ದ ಹೆಚ್ಚುವುದರಿಂದ ಅದನ್ನು ವಿಶೇಷವಾಗಿ ಗಮನಿಸಬೇಕಾಗುತ್ತದೆ. ತರಂಗಶಕ್ತಿಯನ್ನು ದೇಹತೂಕದ ಕಿಲೋಗ್ರಾಂಗೆ ಸರಾಸರಿ 2 ವ್ಯಾಟ್‌ಗೆ ಮಿತಗೊಳಿಸುವುದು ಸಾಮಾನ್ಯ ಕ್ರಮ. ಸ್ಟೆಂಟ್ ಹಾಕಿದಾಗ ಕೊಟ್ಟ ಕಾರ್ಡಿನಲ್ಲಿ ತಯಾರಕರ ಹೆಸರು ಮತ್ತು ಮಾದರಿ ಇರುತ್ತವೆ. ಅದನ್ನು ತಪ್ಪದೆ ಕೊಂಡೊಯ್ದು, ಪರೀಕ್ಷಾ ಕೊಠಡಿಗೆ ಹೋಗುವ ಮೊದಲೇ ತೋರಿಸಿ. ದೇಹದಲ್ಲಿ ಪೇಸ್‌ಮೇಕರ್ ಅಥವಾ ಮೆದುಳಿನ ರಕ್ತನಾಳದ ಕ್ಲಿಪ್ ಇದ್ದರೆ ಅದನ್ನೂ ತಿಳಿಸಬೇಕು, ಏಕೆಂದರೆ ಅವುಗಳ ನಿಯಮಗಳೇ ಬೇರೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ನಿರಾಶಾದಾಯಕ. ಎಂಆರ್‌ಐ ಸ್ಟೆಂಟಿಗೆ ಹಾನಿ ಮಾಡುವುದಕ್ಕಿಂತ ಸ್ಟೆಂಟೇ ಎಂಆರ್‌ಐ ಚಿತ್ರವನ್ನು ಕೆಡಿಸುತ್ತದೆ. ಲೋಹವು ತನ್ನ ಸುತ್ತಲಿನ ಕಾಂತಕ್ಷೇತ್ರವನ್ನು ವಕ್ರಗೊಳಿಸುವುದರಿಂದ ಆ ಜಾಗ ಚಿತ್ರದಲ್ಲಿ ಕಪ್ಪಾಗಿ ಉಳಿಯುತ್ತದೆ. ಅದರ ಜೊತೆಗೆ ಜಾಲರಿಯು ಲೋಹದ ಪಂಜರದಂತೆ ವರ್ತಿಸಿ ರೇಡಿಯೋ ತರಂಗಗಳು ಒಳಗೆ ಹೋಗಿ ಬರುವುದನ್ನೇ ತಡೆಯುತ್ತದೆ. ಹೀಗಾಗಿ ರಕ್ತ ಸರಾಗವಾಗಿ ಹರಿಯುತ್ತಿದ್ದರೂ ಅಲ್ಲಿ ನಾಳ ಮುಚ್ಚಿಹೋದಂತೆ ಕಾಣಬಹುದು. ಈ ದೋಷ ಉಕ್ಕಿನಲ್ಲಿ ಹೆಚ್ಚು, ನಿಟಿನಾಲ್‌ನಲ್ಲಿ ಕಡಿಮೆ; ಆದರೆ ಕೆಲವೇ ಮಿಲಿಮೀಟರ್ ಅಗಲದ, ಸದಾ ಮಿಡಿಯುವ ಹೃದಯದ ನಾಳದಲ್ಲಿ ಅಷ್ಟು ವ್ಯತ್ಯಾಸ ಸಾಲದು. ಸ್ಟೆಂಟಿನ ಒಳಭಾಗವನ್ನು ನೋಡಲೇಬೇಕಾದರೆ ಸಿಟಿ ಆಂಜಿಯೋಗ್ರಾಂ (ಸಿಟಿ ಸ್ಕ್ಯಾನ್ ಮೂಲಕ ರಕ್ತನಾಳಗಳ ಚಿತ್ರ) ಅಥವಾ ಕ್ಯಾತಿಟರ್ ಆಂಜಿಯೋಗ್ರಾಂ (ನಾಳದೊಳಗೆ ಸಣ್ಣ ಕೊಳವೆ ತೂರಿಸಿ ತೆಗೆಯುವ ಎಕ್ಸ್-ರೇ ಚಿತ್ರ) ಸೂಕ್ತ. ಬೆನ್ನುಹುರಿ ಸ್ಟೆಂಟಿನಿಂದ ದೂರವಿರುವುದರಿಂದ ಅದರ ಚಿತ್ರಕ್ಕೆ ಈ ತೊಂದರೆ ಇರದು.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತೊಂದಿದೆ: ಎಂಆರ್‌ಐ ಇದೆಯೆಂದು ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿರುವ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಬೇಡಿ. ಮೂರು ವಾರದ ಸ್ಟೆಂಟಿಗೆ ಅಯಸ್ಕಾಂತಕ್ಕಿಂತ ದೊಡ್ಡ ಅಪಾಯ ಆ ಮಾತ್ರೆ ನಿಲ್ಲುವುದರಿಂದಲೇ ಬರುತ್ತದೆ.